ನನ್ನ ಭಾವಮೈದುನನ ಚುಕ್ಕಿ ಚಸಮಾ

ಎರಡೂ ಕಣ್ಣು ಗಟ್ಟಿಮುಟ್ಟಾಗಿದ್ದೂ ಕುರುಡನ ಹಾಗೆ ತಡವರಿಸಿ ಓಡಾಡುವುದಕ್ಕೆ ಸಂಬಳ ಪಡೆಯುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವನ ಅಕ್ಕನನ್ನೇ ಮದುವೆಯಾಗಿದ್ದೇನೆ!

ಹುನಗುಂದದ ಈ ನನ್ನ ಭಾವಮೈದುನ ಕಂಡಾಪಟ್ಟೆ ಓದಿ, ಈಗ ದೂರದ ಊರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧಕನ ಹುದ್ದೆಯಲ್ಲಿದ್ದಾನೆ. ಕೆಲಸ ಏನು ಅಂತೀರಾ? ನಮ್ಮ ಮಿದುಳಿನ ಹಿಂಭಾಗದಲ್ಲಿ ನೋಡುವ ಜಾಗವೊಂದಿದೆಯಂತೆ. ಕಣ್ಣು ಹೋದರೂ ಆ ಜಾಗ ಬದುಕಿರುತ್ತದಂತೆ. ಅಲ್ಲಿ ಸಣ್ಣದೊಂದು ಚಿಪ್ ಕೂರಿಸಿ ಹಗುರಾಗಿ ಕರೆಂಟು ಮುಟ್ಟಿಸಿದರೆ ಕತ್ತಲೆಯಲ್ಲಿ ಒಂದು ಬೆಳಕಿನ ಚುಕ್ಕಿ ಮೂಡುತ್ತದೆ. ಇನ್ನೊಂದು ಕಡೆ ಮುಟ್ಟಿಸಿದರೆ ಇನ್ನೊಂದು ಚುಕ್ಕಿ. ಕ್ಯಾಮೆರಾ ಕಂಡದ್ದನ್ನು ಯಾವ ಯಾವ ಚುಕ್ಕಿಯಾಗಿ ಮಿದುಳಿಗೆ ತಿಳಿಸಬೇಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಇವನ ಉದ್ಯೋಗ. ಪಾಪ, ಚುಕ್ಕಿಗಳು ಕಡಿಮೆ, ಜಗತ್ತು ದೊಡ್ಡದು! ಅದಕ್ಕೇ ಒಂದು ಚಸಮಾ ಮಾಡಿಕೊಂಡಿದ್ದಾನೆ. ಹಾಕಿಕೊಂಡರೆ ಎದುರಿಗಿರುವುದೆಲ್ಲ ಬರೀ ಚುಕ್ಕಿ. ರಜೆಗೆ ಊರಿಗೆ ಬಂದರೂ ಮೂಗಿನ ಮೇಲೆ ಅದೇ.

“ಮಂದಿಗೆ ಬಡಸೂದನ್ನ ಮೊದಲ ನಾ ಉಂಡು ನೋಡಬೇಕಲ್ರಿ, ಮಾಮಾ,” ಎನ್ನುತ್ತಾನೆ. ನಮ್ಮ ಕಡೆ ಅಕ್ಕನ ಗಂಡನಿಗೆ ಮಾಮಾ ಎನ್ನುವುದು ರೂಢಿ. ಸರಿ, ಉಂಡ. ಮೊದಲ ದಿನವೇ ಹೊಸ್ತಿಲು ಎಡವಿ ಮಜ್ಜಿಗೆಯ ಪಾತ್ರೆಯೊಳಗೆ ಮೊಣಕೈತನಕ ಇಳಿದ.

ಇಷ್ಟೆಲ್ಲ ಯಾಕೆಂದರೆ, ಅವನ ತಾಯಿಗೆ, ಅಂದರೆ ನಮ್ಮ ಅತ್ತೆಗೆ, ಕಣ್ಣಿನ ಒತ್ತಡದ ರೋಗದಿಂದ ದೃಷ್ಟಿ ಹೋಗಿ ಬಹಳ ವರ್ಷಗಳಾದವು. ಮಗ ಈ ನೌಕರಿ ಹಿಡಿದದ್ದೇ ತಡ, ಓಣಿಗೆ ಓಣಿಯೇ ತೀರ್ಮಾನ ಮಾಡಿಬಿಟ್ಟಿತು: “ಮಗಾ ಅವ್ವಗ ಕಣ್ಣು ತರಾಕ ಹೋಗ್ಯಾನ!” ಅತ್ತೆಯೂ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ತರುತ್ತೇನೆ ಎಂದು ಅವನು ಒಮ್ಮೆಯೂ ಹೇಳಿರಲಿಲ್ಲ. ತರಲಾರೆ ಎಂದೂ ಹೇಳಿರಲಿಲ್ಲ. ಈ ವಿದ್ಯೆ ಇನ್ನೂ ಪ್ರಯೋಗದಲ್ಲೇ ಇದೆ, ತಲೆಬುರುಡೆ ತೆರೆಯಬೇಕು, ಅತ್ತೆಯ ವಯಸ್ಸಿಗೆ, ಬಡವಾದ ಗುಂಡಿಗೆಗೆ ಅದು ಆಗುವ ಮಾತೇ ಅಲ್ಲ ಎಂಬುದು ಅವನಿಗೂ ನನಗೂ ನನ್ನ ಹೆಂಡತಿಗೂ ಮಾತ್ರ ಗೊತ್ತಿತ್ತು. “ಎಷ್ಟ ದಿನಾ ಮುಚ್ಚಿಡ್ತೀಯೋ? ಆಕಿಗೆ ಖರೆ ಹೇಳಿಬಿಡು,” ಎಂದು ಅಕ್ಕ ಗದರಿದರೆ, “ಹೇಳ್ತೇನಿ, ನಾಳೆ ಹೇಳ್ತೇನಿ,” ಎಂದು ಚಸಮಾ ಏರಿಸಿಕೊಂಡು ಹೊರಬೀಳುತ್ತಿದ್ದ.

ಈ ಸಲದ ರಜೆಯಲ್ಲಿ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದ. ಇಳಕಲ್ಲಿಗೆ ಕನ್ಯಾ ನೋಡಲು ಹೋದೆವು. ಹೆಣ್ಣಿನ ತಂದೆಗೆ ಸೀರೆ ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಮನೆ.

“ಹುಡುಗಗ ನೌಕರಿ ಏನ್ರಿ?” ಎಂದು ಅವರು ನನ್ನನ್ನು ಕೇಳಿದರು.

ನಾನು ಬಾಗಲಕೋಟೆಯಲ್ಲಿ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಕಠಿಣ ವಿಷಯ ಸರಳ ಮಾಡುವುದು ನನ್ನ ಚಟ. “ತಲಿಯೊಳಗ ಕರೆಂಟ್ ಬಿಟ್ಟು ಬೆಳಕ ಹಚ್ಚೂ ಕೆಲಸ ರೀ,” ಎಂದೆ.

“ಓಹೋ, ಕರೆಂಟಿನ ಆಫೀಸು! ಪರ್ಮನಂಟೇನ್ರಿ?”

ನಾನು ಬೆವರು ಒರೆಸಿಕೊಂಡು ತಿರುಗಿ ನೋಡುತ್ತೇನೆ, ನಮ್ಮ ವರಮಹಾಶಯ ಚಸಮಾ ಏರಿಸಿಕೊಂಡು, ಅಂಗಡಿಯ ಬಾಗಿಲಲ್ಲಿ ಸೀರೆಯುಟ್ಟು ನಿಂತ ಗೊಂಬೆಗೆ ಕೈಮುಗಿದು, “ನಿಮಗ ಓದೂದು ಬರಿಯೂದು ಏನರ ಇಷ್ಟ ಐತೇನ್ರಿ?” ಎಂದು ವಿಚಾರಿಸುತ್ತಿದ್ದಾನೆ! ಚಹಾದ ತಟ್ಟೆ ಹಿಡಿದು ಬಂದ ನಿಜವಾದ ಹುಡುಗಿ ನಗು ತಡೆಯಲಾರದೆ ಅರ್ಧ ಚಹಾ ನೆಲಕ್ಕೆ ಚೆಲ್ಲಿದಳು. ವಾಪಸು ಬರುವಾಗ ಬಸ್ಸಿನಲ್ಲಿ, “ಹುಡುಗಿ ಹೆಂಗನಿಸಿದ್ಳೋ?” ಎಂದು ಕೇಳಿದೆ.

“ಭಾಳ ಶಾಂತ ಸ್ವಭಾವ ರೀ, ಮಾಮಾ,” ಎಂದ.

ಆ ಸಂಬಂಧ ಅಲ್ಲಿಗೇ ಮುಗಿಯಿತೆಂದು ಬೇರೆ ಹೇಳಬೇಕೇ? ಬೇಜಾರು ಕಳೆಯಲಿ ಎಂದು ಬಾದಾಮಿಗೆ ಕರೆದುಕೊಂಡು ಹೋದೆ. ಅಲ್ಲಿಯ ಮಂಗಗಳ ಪ್ರತಾಪ ಗೊತ್ತಲ್ಲ? ಗುಹೆಯ ಮೆಟ್ಟಿಲ ಮೇಲೆ ಒಂದು ಗಡವ ಬಂದು ಇವನ ಚಸಮಾ ಕಿತ್ತುಕೊಂಡು ಗೋಡೆ ಏರಿತು. ಏರಿ, ಅದನ್ನು ಕಣ್ಣಿಗೆ ಹಿಡಿದುಕೊಂಡು ಗಂಭೀರವಾಗಿ ಕುಳಿತಿತು. ನಾನು ಬಾಳೆಹಣ್ಣು ತೋರಿಸಿ ಮಂಗನಿಗೆ ದಮ್ಮಯ್ಯ ಎನ್ನುತ್ತಿದ್ದರೆ, ಇವನು ನನ್ನ ತೋಳು ಜಗ್ಗಿ, “ಗದ್ದಲಾ ಮಾಡಬ್ಯಾಡ್ರಿ ಮಾಮಾ, ಅದಕ ಏನ್ ಕಾಣಸ್ತೈತಿ ನೋಡೂಣು!” ಎಂದು ಉಸಿರು ಬಿಗಿಹಿಡಿದಿದ್ದಾನೆ. ಮಂಗ ಆ ಕಡೆ ನೋಡಿತು, ಈ ಕಡೆ ನೋಡಿತು, ಚಸಮಾ ಇಳಿಸಿ ನೋಡಿತು, ಅದನ್ನು ಒಗೆದು ಹಣ್ಣಿಗೆ ಬಂತು.

“ನೋಡಪಾ, ಹಣ್ಣ ಕಾಣಬೇಕಂದ್ರ ಅದಕೂ ಚಸಮಾ ತಗೀಬೇಕಾತು,” ಎಂದೆ.

ಹೊಟ್ಟೆ ಹಿಡಿದು ನಕ್ಕ. ನಗುತ್ತಲೇ ಬಗ್ಗಿ, ಮಂಗ ಒಗೆದ ಚಸಮಾ ಎತ್ತಿಕೊಂಡು ಧೂಳು ಒರೆಸಿದ. “ಅವ್ವಗ ಇವತ್ತ ಹೇಳಿಬಿಡ್ತೇನ್ರಿ,” ಎಂದ.

ಹುನಗುಂದ ಮುಟ್ಟಿದಾಗ ಮಧ್ಯಾಹ್ನ. ಅತ್ತೆ ಊಟ ಮುಗಿಸಿ ಪಡಸಾಲೆಯಲ್ಲಿ ಎಲೆಅಡಿಕೆ ಮೆಲ್ಲುತ್ತ ಕುಳಿತಿದ್ದರು. ನನ್ನ ಹೆಂಡತಿ ಪಕ್ಕದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಅವನು ಚಸಮಾ ತೆಗೆದಿಟ್ಟು ತಾಯಿಯ ಎದುರಿಗೆ ನೆಲದ ಮೇಲೆ ಕುಳಿತ.

“ಯವ್ವಾ, ನಾ ಮಾಡೂ ಕಣ್ಣು ನಿನಗ ಆಗಂಗಿಲ್ಲ. ನಿನ್ನ ಗುಂಡಿಗಿ ಆಪರೇಷನ್ ತಡಕೊಳ್ಳಂಗಿಲ್ಲ. ಕೆಲಸ ಮುಗಿಯೂದ್ರಾಗ...” ಮುಂದಿನದನ್ನು ನುಂಗಿದ.

ಅತ್ತೆಯ ದವಡೆ ನಿಂತಿತು. ಇಷ್ಟು ವರ್ಷ ಆ ಮುಖದ ಮೇಲಿದ್ದ ಆಸೆ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ನೋಡಲಾಗಲಿಲ್ಲ. ಆಮೇಲೆ ಅವರು ನಿಧಾನವಾಗಿ ಕೇಳಿದರು, “ಬ್ಯಾರೇ ಮಂದಿಗರ ಆಕೈತಿಲ್ಲೋ?”

“ಮುಂದ ಆಕೈತಿ.”

“ಅವರಿಗೆ ಏನ್ ಕಾಣಸ್ತೈತಿ?”

“ಮಕಾ, ಯವ್ವಾ. ಮಂದಿ ಮಕಾ ಗುರ್ತು ಸಿಗೂ ಹಂಗ ಚುಕ್ಕಿ ಹೊಂದಸಾಕತ್ತೇನಿ. ನಿನಗ ನನ್ನ ಮಕಾ ಕಾಣಲಿ ಅಂತ ಸುರು ಮಾಡಿದ್ದೆ.”

“ಹುಚ್ಚಪ್ಪಾ! ಮಕಾ ತಗೊಂಡು ಏನ್ ಮಾಡ್ಲಿ? ಒಮ್ಮೆ ಕೆಮ್ಮಿದ್ರ ಸಾಕು, ಯಾರಂತ ಹೇಳ್ತೇನಿ.” ಅತ್ತೆ ಸೆರಗು ಸರಿಮಾಡಿಕೊಂಡರು. “ಬಾಜೂ ಮನಿ ಆಕಿ ಬಂದು ಕುಂತಿರ್ತಾಳ. ಒಲಿ ಮ್ಯಾಲ ಹಾಲ ಐತಂತ ಸಪ್ಪಳಿಲ್ಲದ ಎದ್ದು ಹೋಗಿರ್ತಾಳ. ನಾ ನನ್ನ ಸುಖಾ ದುಃಖಾ ಎಲ್ಲಾ ಹೇಳಕೋತ ಕುಂತಿರ್ತೇನಿ, ಖಾಲಿ ಗ್ವಾಡಿಗೆ. ಆಮ್ಯಾಲ ಗೊತ್ತಾದಾಗ ಭಾಳ ನಾಚಿಕಿ ಆಕೈತೋ. ಮುಂದ ಮನಶ್ಯಾರು ಅದಾರೋ ಇಲ್ಲೋ, ಅಷ್ಟ ತೋರಸು ಅವರಿಗೆ. ಅದಕ ಎಷ್ಟ ಚುಕ್ಕಿ ಬೇಕು?”

ಒಂದು ಸಾಕು! ವರ್ಷಗಟ್ಟಲೆ ಮೂಗಿಗೆ, ತುಟಿಗೆ, ಹುಬ್ಬಿಗೆ ಚುಕ್ಕಿ ಹೊಂದಿಸುತ್ತ ಕುಳಿತವನು ಉತ್ತರ ಹೇಳಲು ಬಾಯಿ ತೆರೆದ. ದನಿ ಹೊರಡಲಿಲ್ಲ. ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅತ್ತೆ ಸ್ವಲ್ಪ ಹೊತ್ತು ಕಾದರು. ಆಮೇಲೆ ಕೈ ಮುಂದೆ ಚಾಚಿ ಗಾಳಿಯಲ್ಲಿ ತಡವಿದರು.

“ಅದೀಯೇನೋ? ಎದ್ದು ಹೋದ್ಯೇನು?”

ಅವನು ಆ ಕೈಯನ್ನು ಗಬಕ್ಕನೆ ಹಿಡಿದು ತನ್ನ ಒದ್ದೆ ಕೆನ್ನೆಗೆ ಒತ್ತಿಕೊಂಡ. “ಅದೇನಿ, ಯವ್ವಾ. ಇಲ್ಲೇ ಅದೇನಿ.”

ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ಗಂಟಲು ಸರಿಮಾಡಿಕೊಂಡು ಹೇಳಿದೆ, “ನಾನೂ ಅದೇನ್ರಿ, ಅತ್ತಿ.”