ಆರನೇ ನಂಬರಿನ ಮೀಸೆ

ಆರನೇ ನಂಬರಿನ ರೂಮಿನಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದರೆ ಬರುತ್ತಿದ್ದದ್ದು ನೀರಲ್ಲ, ನಿಟ್ಟುಸಿರು. ಮೊದಲು ಒಂದು ಉದ್ದದ ನಿಟ್ಟುಸಿರು, ಆಮೇಲೆ ಎರಡು ಬಿಕ್ಕಳಿಕೆ, ಕೊನೆಗೆ ತುಕ್ಕಿನ ಬಣ್ಣದ ಒಂದು ಹನಿ. ಪೇಂಟರು ಬಂದ ಸಂಜೆಯೇ ಹೋಟೆಲಿನ ಯಜಮಾನಿಗೆ ಇದನ್ನು ಕೈಸನ್ನೆಯಲ್ಲಿ ವಿವರಿಸಿದ್ದರು. ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದ ಆಕೆ ತಲೆಯೆತ್ತದೆ, "ಬೆಳಿಗ್ಗೆ ಬೋರ್ಡಲ್ಲಿ ರೂಮ್ ನಂಬರ್ ಬರೆದಿಡಿ ಅಣ್ಣ, ಬಕೆಟ್ ಬಾಗಿಲಿಗೇ ಬರುತ್ತೆ" ಅಂದಿದ್ದಳು. ಯಾವ ಬೋರ್ಡು ಅಂತ ಅವಳು ಹೇಳಲಿಲ್ಲ, ಇವರು ಕೇಳಲಿಲ್ಲ.

ಕೇಳದಿದ್ದುದಕ್ಕೆ ಕಾರಣವಿತ್ತು. ಪೇಂಟರು ಬಾಯಿ ಬಿಡಬಾರದೆಂದು ತೀರ್ಮಾನಿಸಿಕೊಂಡೇ ಬಂದಿದ್ದರು. ಅವರದು ಅಂಗಡಿ ಬೋರ್ಡು ಬರೆಯುವ ಕಸುಬು. ಮೂವತ್ತು ವರ್ಷ ಏಣಿಯ ಮೇಲೆ ನಿಂತು ಅಕ್ಷರ ಬರೆದು ಬರೆದು ಬಲಭುಜ ಹಳೇ ಗೇಟಿನ ಹಾಗೆ ಕಿರುಗುಟ್ಟುತ್ತಿತ್ತು. ಡಾಕ್ಟರು ಮೂರು ದಿನ ಕೈಯೆತ್ತಬೇಡಿ ಅಂದರು. ಹೆಂಡತಿ ಅಷ್ಟಕ್ಕೇ ಬಿಡಲಿಲ್ಲ. "ಬ್ರಷ್ ಮುಟ್ಟಿದ್ರೆ ನನ್ನಾಣೆ! ಮನೇಲಿದ್ರೆ ನೀವು ಸುಮ್ನಿರೋರಲ್ಲ. ಎಲ್ಲಾದ್ರೂ ದೂರ ಹೋಗಿ ಸಮುದ್ರ ನೋಡ್ತಾ ಬಿದ್ಕೊಳ್ಳಿ. ಕಸುಬು ಮಾತ್ರ ಯಾರ ಹತ್ರಾನೂ ಬಾಯಿಬಿಡ್ಬೇಡಿ."

ಅವಳ ಮಾತು ಅನುಭವದ್ದು. ನೆಂಟರ ಮದುವೆಗೆ ಹೋದರೆ ಊಟಕ್ಕೆ ಮುಂಚೆ ವಧೂವರರ ಹೆಸರು ಬರೆಯಬೇಕಾಗುತ್ತಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನರ್ಸು ಬಂದು "ಚಪ್ಪಲಿ ಇಲ್ಲಿ ಬಿಡಿ" ಎಂದು ಬರೆಸಿಕೊಂಡು ಹೋಗಿದ್ದಳು. ಅದಕ್ಕೇ ಪೇಂಟರು ಹೋಟೆಲಿನ ಪುಸ್ತಕದಲ್ಲಿ 'ಉದ್ಯೋಗ' ಅನ್ನುವಲ್ಲಿ 'ವಿಶ್ರಾಂತಿ' ಎಂದು ತುಂಬಿ, ಎಲ್ಲರಿಗೂ ಬರೀ "ಹೂಂ" ಎನ್ನುತ್ತಾ, ದಪ್ಪ ಮೀಸೆಯ ಹಿಂದೆ ಅಡಗಿ ಕೂತಿದ್ದರು.

ಹೋಟೆಲು ಅಗ್ಗದ್ದು. ಹಾಸಿಗೆಯಲ್ಲಿ ಮರಳು, ಕಟಕಟೆಯ ಮೇಲೆ ಒದ್ದೆ ಚಡ್ಡಿಗಳು, ಓಣಿಯ ತುಂಬ ಗೋಡೆಗೊರಗಿದ ಸರ್ಫಿಂಗಿನ ಅಲೆಹಲಗೆಗಳು. ಬಿಸಿಲು ಇಳಿದರೂ ಹುಡುಗ ಹುಡುಗಿಯರು ಹಲಗೆ ಹೊತ್ತು ಅಲೆಯ ಮೇಲೆ ನಿಲ್ಲಲು ಓಡುತ್ತಿದ್ದರು. ಪೇಂಟರಿಗೆ ಇದೆಲ್ಲ ಬಹಳ ಹಿಡಿಸಿತ್ತು. ಬೇರೆಯವರು ಬೀಳುವುದನ್ನು ಮಲಗಿಕೊಂಡು ನೋಡುವ ಸುಖವೇ ಬೇರೆ.

ಮರುದಿನ ಬೆಳಿಗ್ಗೆ ಎದ್ದು ಬಂದಾಗ ಗೇಟಿನ ಪಕ್ಕ ಒಂದು ಕರಿಹಲಗೆ ಕಂಡಿತು. ತಲೆಬರಹವನ್ನು ಉಪ್ಪುಗಾಳಿ ತಿಂದುಹಾಕಿತ್ತು. ಕೆಳಗೆ ಯಾರೋ ಕಾಗೆಕಾಲಿನಲ್ಲಿ ಎರಡು, ನಾಲ್ಕು, ಒಂಬತ್ತು ಎಂದು ಗೀಚಿದ್ದರು. 'ಓಹೋ, ಬಿಸಿನೀರಿಗೆ ಇಷ್ಟು ಜನ!' ಎಂದುಕೊಂಡು ಪೇಂಟರು ಸೀಮೆಸುಣ್ಣ ತಗೊಂಡರು. ಸೀಮೆಸುಣ್ಣವೇನು ಬ್ರಷ್ಷೇ? ಬರೆದದ್ದು ಒಂದೇ ಅಂಕಿ. ಆದರೆ ಕೈ ಕೇಳಬೇಕಲ್ಲ. ದುಂಡು ಹೊಟ್ಟೆಯ ಆರು, ಅದರ ಬಲಬದಿಗೆ ತೆಳ್ಳಗೆ ನೆರಳು. ನೆರಳು ಬಿಡದೆ ಅವರು ಜೀವಮಾನದಲ್ಲಿ ಏನನ್ನೂ ಬರೆದವರಲ್ಲ.

ಬಕೆಟ್ ಬರಲಿಲ್ಲ. ಅರ್ಧ ಗಂಟೆ ಕಾದು, ಬೀಗದಕೈಯನ್ನು ಕೌಂಟರಿನ ಮೊಳೆಗೆ ನೇತುಹಾಕಿ, ಗಡ್ಡವನ್ನಾದರೂ ಬಿಸಿನೀರಲ್ಲಿ ಮಾಡಿಸೋಣವೆಂದು ಬೀದಿಯ ಕೊನೆಯ ಕ್ಷೌರದಂಗಡಿಗೆ ಹೋದರು.

"ಮೀಸೆ ಸ್ವಲ್ಪ ಸಮ ಮಾಡ್ಲಾ ಸಾರ್?" ಅಂದ ಕ್ಷೌರಿಕ.

"ಹೂಂ."

ಅವನು ಮಾಡಿದ. ಪೇಂಟರು ಕನ್ನಡಿ ನೋಡಿದರು. ದಾರ ಹಿಡಿಯದೆ ಇಪ್ಪತ್ತಡಿ ಗೆರೆ ನೇರ ಎಳೆಯುವ ಕಣ್ಣು ಅದು. "ಎಡಗಡೆ ಒಂದು ಕೂದಲೆಳೆ ಇಳಿದಿದೆ." ಕ್ಷೌರಿಕ ಎಡ ಕತ್ತರಿಸಿದ. "ಈಗ ಬಲಗಡೆ ಇಳೀತು." ಬಲ ಕತ್ತರಿಸಿದ. "ಎಡ... ಒಂಚೂರು." ಹೀಗೆ ಒಬ್ಬರ ಕಣ್ಣು, ಇನ್ನೊಬ್ಬರ ಕೈ ಸೇರಿ ಮುಕ್ಕಾಲು ಗಂಟೆ ದುಡಿದು ಮೀಸೆಯನ್ನು ಕೊನೆಗೂ ಸಮ ಮಾಡಿದವು. ಅಂದರೆ ಎರಡೂ ಕಡೆ ಏನೂ ಉಳಿಯಲಿಲ್ಲ.

"ಈಗ ಸರಿಯಾಯ್ತು ನೋಡಿ ಸಾರ್," ಎಂದ ಕ್ಷೌರಿಕ, ಬೆವರೊರೆಸಿಕೊಳ್ಳುತ್ತಾ.

ವಾಪಸು ಬಂದರೆ ಹೋಟೆಲಿನ ಮುಂದೆ ಜಾತ್ರೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಲೆಯಾಟ ಕಲಿಸುವ ಮೇಷ್ಟ್ರು ಮೂರನೇ ಸಲ ಸಮುದ್ರದಿಂದ ಎದ್ದು ಬಂದು ಏದುಸಿರು ಬಿಡುತ್ತಿದ್ದ. ಐದನೇ ನಂಬರಿನ ಅಜ್ಜಿ ಎಲ್ಲರಿಗೂ ಎಲ್ಲವನ್ನೂ ಹೇಳುತ್ತಿದ್ದಳು.

"ಏನಾಯ್ತು?" ಎಂದರು ಪೇಂಟರು.

"ಆರನೇ ನಂಬರಿನವರು ಹೋದ್ರಪ್ಪಾ," ಎಂದು ಅಜ್ಜಿ ಅವರ ಕೈ ಹಿಡಿದುಕೊಂಡಳು. "ನೀರಿಗಿಳಿಯೋರು ಆ ಬೋರ್ಡಲ್ಲಿ ನಂಬರ್ ಬರೀಬೇಕು, ಬಂದ ಮೇಲೆ ಅವರೇ ಅಳಿಸ್ಬೇಕು. ಎಲ್ಲರೂ ಬಂದು ಅಳಿಸಿದ್ರು. ಆರು ಮಾತ್ರ ಹಾಗೇ ಇದೆ. ನಿನ್ನೆ ಸಂಜೆ ನನ್ನ ಹತ್ರ ಎಷ್ಟು ಚೆನ್ನಾಗಿ ಮಾತಾಡಿದ್ರು! ಎಂಥಾ ತಿಳಿದವರು!"

ನಿನ್ನೆ ಸಂಜೆ ಅಜ್ಜಿ ಒಂದು ಗಂಟೆ ಮಾತಾಡಿದ್ದಳು. ಪೇಂಟರು ಎರಡು ಸಲ ಹೂಂ ಅಂದಿದ್ದರು. ಆದರೂ ಅವರಿಗೆ ಎದೆ ತುಂಬಿ ಬಂತು. ತನ್ನ ಬಗ್ಗೆ ಇಷ್ಟು ಒಳ್ಳೆ ಮಾತು ಕೇಳಿ ಎಷ್ಟು ಕಾಲವಾಗಿತ್ತು! ಇನ್ನೆರಡು ಮಾತು ಕೇಳಿಸಿಕೊಳ್ಳೋಣ ಎಂದು ನಿಂತರು. ಆಮೇಲೆ ಮೇಷ್ಟ್ರು ನಾಲ್ಕನೇ ಸಲ ನೀರಿಗೆ ಹೊರಟದ್ದು ಕಂಡು ಮನಸ್ಸು ಚುಚ್ಚಿತು. ಮೆಲ್ಲಗೆ ಗೇಟಿನ ಹತ್ತಿರ ಹೋಗಿ ಆರರ ಮೇಲೆ ಅಂಗೈ ಇಟ್ಟರು.

ಅಕ್ಕ ಓಡಿಬಂದು ಕೈಗೆ ಪಟ್ಟನೆ ಹೊಡೆದಳು. "ಯಾರ್ರೀ ನೀವು? ಬರೆದವರೇ ಅಳಿಸ್ಬೇಕು. ಇನ್ನೊಬ್ಬರು ಮುಟ್ಟೋ ಹಾಗಿಲ್ಲ!"

"ಬರೆದವನು ನಾನೇ ಅಮ್ಮಾ."

"ಆ ಅಣ್ಣನ ಮೀಸೆ ನೋಡಿದೀರಾ ನೀವು? ಪೊರಕೆ ಥರ ಇತ್ತು!"

"ಸಮ ಮಾಡಿಸ್ದೆ. ಪೂರ್ತಿ ಸಮ ಆಗೋಯ್ತು."

ಅಕ್ಕ ಒಳಗಿಂದ ಅವರ ಗುರುತಿನ ಚೀಟಿ ತಂದಳು. ಅಜ್ಜಿ ಫೋಟೋದ ಮೀಸೆಯ ಮೇಲೆ ಹೆಬ್ಬೆರಳಿಟ್ಟು ನೋಡಿದಳು. "ಮೀಸೆ ಮುಚ್ಚಿದ್ರೆ ಇವರ ಥರಾನೇ ಕಾಣುತ್ತೆ, ನಿಜ. ಆದ್ರೆ ಮೀಸೆ ಮುಚ್ಚಿದ್ರೆ ನಮ್ಮ ಅಳಿಯನೂ ಹೀಗೇ ಕಾಣ್ತಾನೆ."

"ನನ್ನ ಧ್ವನಿ..."

"ನಿಮಗೆ ಇಷ್ಟುದ್ದ ಮಾತು ಬರುತ್ತಲ್ಲ. ಅವರಿಗೆ ಹೂಂ ಮಾತ್ರ ಬರ್ತಿತ್ತು," ಎಂದ ನೀರಿಗಿಳಿಯದೆ ನಿಂತಿದ್ದ ಮೇಷ್ಟ್ರು.

ಅಕ್ಕ ಕಣ್ಣೊರೆಸಿಕೊಂಡಳು. "ಇನ್ನು ತಡ ಮಾಡೋದು ಬೇಡ. ಪುಸ್ತಕದಲ್ಲಿ ಮನೆ ನಂಬರ್ ಇದೆ. ಅವರ ಹೆಂಡತಿಗೆ ತಿಳಿಸಿಬಿಡ್ತೀನಿ."

ಅಕ್ಕ ಆಗಲೇ ನಂಬರ್ ಒತ್ತುತ್ತಿದ್ದಳು. ಅಲ್ಲಿ ಅಡುಗೆಮನೆಯಲ್ಲಿ ನಿಂತು ಆ ಪಾಪದವಳು ಕೇಳಬೇಕಾದ ಸುದ್ದಿಯೇ ಇದು? ಇನ್ನು ಕಸುಬು ಮುಚ್ಚಿಡುವ ಮಾತೇ ಇಲ್ಲ. ಪೇಂಟರು ಸೀಮೆಸುಣ್ಣ ಎತ್ತಿಕೊಂಡು, ಇದ್ದ ಆರರ ಪಕ್ಕದಲ್ಲೇ ಇನ್ನೊಂದು ಆರು ಎಳೆದರು. ಅದೇ ಹೊಟ್ಟೆ, ಅದೇ ಕೊಕ್ಕೆ ಕತ್ತು, ಬಲಬದಿಗೆ ಅದೇ ನೆರಳು. ಅವಳಿ ಮಕ್ಕಳ ಹಾಗೆ ಎರಡೂ ಪಕ್ಕಪಕ್ಕ ನಿಂತವು.

ಅಕ್ಕನ ಬೆರಳು ಫೋನಿನ ಮೇಲೇ ನಿಂತಿತು. ಅಜ್ಜಿ ಕನ್ನಡಕ ಏರಿಸಿದಳು. "ಅಯ್ಯೋ ಶಿವನೇ, ಇವರೇ ಕಣೇ! ಬದುಕಿದಾರೆ!"

ಮೇಷ್ಟ್ರು ಒದ್ದೆ ಮೈಯಲ್ಲೇ ಅಪ್ಪಿಕೊಂಡ. ಅಕ್ಕ ಅಳುತ್ತಾ ನಗುತ್ತಾ ಎರಡು ಆರನ್ನೂ ಅವರ ಕೈಯಲ್ಲೇ ಅಳಿಸಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಸಿನೀರಿನ ಬೋರ್ಡು ಅಡುಗೆಮನೆ ಬಾಗಿಲ ಹಿಂದೆ ಇತ್ತೆಂದು ಆಮೇಲೆ ತಿಳಿಯಿತು. ಚಪ್ಪಾಳೆ ನಿಂತಾಗ ಅಕ್ಕ ಆ ಕರಿಹಲಗೆಯನ್ನೇ ನೋಡುತ್ತಾ, ಬಹಳ ಮೃದುವಾಗಿ ಕೇಳಿದಳು:

"ಅಣ್ಣಾ, ನೀವು ಏನು ಕೆಲಸ ಮಾಡೋದು?"

ಹತ್ತು ಜೊತೆ ಕಣ್ಣು ಅವರ ಮೇಲೆ. ಪೇಂಟರು "ಹೂಂ" ಅಂದು ನೋಡಿದರು. ನಡೆಯಲಿಲ್ಲ.

ಮೊದಲು ಕರಿಹಲಗೆಯ ತಲೆಬರಹ. 'ನೀರಿಗೆ ಇಳಿದವರು' ಎಂದು ಬರೆಯದಿದ್ದರೆ ನಾಳೆ ಇನ್ನೊಬ್ಬರು ಮುಳುಗುತ್ತಾರಲ್ಲ ಎಂದಳು ಅಕ್ಕ. ಮೂರು ಸಲ ಸಮುದ್ರ ಜಾಲಾಡಿದವರ ಮುಂದೆ ಇಲ್ಲ ಅನ್ನುವುದು ಹೇಗೆ? ಆಮೇಲೆ ಮೇಷ್ಟ್ರ ಹಲಗೆಯ ಮೇಲೆ ಅವನ ಹೆಸರು. ಅಜ್ಜಿಯ ಪೆಟ್ಟಿಗೆಯ ಮೇಲೆ ಅಳಿಯನ ವಿಳಾಸ, ಕಳೆದುಹೋದರೆ ಅವನಿಗೇ ಸೇರಲಿ ಎಂದು. ಕೃತಜ್ಞತೆಗೆ ಅಕ್ಕ ಅವರನ್ನು ಮಹಡಿಯ ಸಮುದ್ರದೆದುರಿನ ರೂಮಿಗೆ ಬದಲಾಯಿಸಿದಳು. ಹೋಟೆಲಿನ ಹೆಸರು ಬರೆಯಬೇಕಾಗಿದ್ದ ದೊಡ್ಡ ಗೋಡೆ ಆ ರೂಮಿನ ಬಾಲ್ಕನಿಯಲ್ಲೇ ಇತ್ತು.

ಸಂಜೆ ಐದಕ್ಕೆ ಪೇಂಟರು ಏಣಿಯ ಮೇಲಿದ್ದರು. ಸಮುದ್ರ ಅವರ ಬೆನ್ನ ಹಿಂದೆ ಹೊಳೆಯುತ್ತಿತ್ತು. ಭುಜ ನೋಯುತ್ತಿತ್ತು, ಆದರೆ ಬಾಯಿ ತಾನಾಗಿ ಸಿಳ್ಳೆ ಹಾಕುತ್ತಿತ್ತು. ಅಕ್ಷರಗಳು ಅಷ್ಟು ಚೆನ್ನಾಗಿ ಬರುತ್ತಿದ್ದವು.

ಆಗ ಫೋನು ಬಡಿದುಕೊಂಡಿತು. ಹೆಂಡತಿ. ಅದೂ ಮುಖ ಕಾಣುವ ವಿಡಿಯೋ ಕಾಲ್.

ಪೇಂಟರು ಏಣಿಯಿಂದ ಜಾರಿದಂತೆ ಇಳಿದರು. ಕಿಟಕಿಯ ಗಾಜಿನಲ್ಲಿ ಬೋಳು ಮುಖ ಕಂಡಿತು. ಕೈಯಲ್ಲಿ ಬ್ರಷ್, ಬ್ರಷ್ಷಿನ ತುದಿಯಲ್ಲಿ ಕಪ್ಪು ಬಣ್ಣ. ಎಡಕ್ಕೆ ಎರಡು ಎಳೆತ, ಬಲಕ್ಕೆ ಎರಡು ಎಳೆತ. ಕೂದಲೆಳೆಯಷ್ಟೂ ಏರುಪೇರಿಲ್ಲ. ಬ್ರಷ್ಷನ್ನು ಕುಂಡದ ಹಿಂದೆ ಎಸೆದು ಸಮುದ್ರ ಕಾಣುವಂತೆ ನಿಂತರು.

"ಭುಜ ಹೇಗಿದೇರೀ?"

"ಹಾಯಾಗಿದೆ."

"ಏನೂ ಬರೀತಿಲ್ಲ ತಾನೆ?"

"ಛೆ ಛೆ! ಬೆಳಿಗ್ಗೆಯಿಂದ ಸಮುದ್ರ ನೋಡ್ತಾ ಬಿದ್ಕೊಂಡಿದೀನಿ."

"ಮುಖ ಎಷ್ಟು ಗೆಲುವಾಗಿದೆ ನೋಡಿ! ಇನ್ನೊಂಚೂರು ಹತ್ರ ಬನ್ನಿ." ಅವಳು ಕಣ್ಣು ಕಿರಿದು ಮಾಡಿದಳು. ಹಿಂದೆ ಒಂದು ದೊಡ್ಡ ಅಲೆ ಎದ್ದು, ಅದರ ಮೇಲಿದ್ದ ಯಾರೋ ಒಬ್ಬ ಬಿದ್ದ.

"ಮೀಸೆಗೆ ಯಾಕ್ರೀ," ಎಂದಳು ಹೆಂಡತಿ ಕೊನೆಗೆ, "ಬಲಗಡೆ ನೆರಳು ಬಿಟ್ಟಿದೀರಿ?"