ಹಿಡಿದ ಕೈ ಬಿಡುವ ವಿದ್ಯೆ

ಲೋಕದಲ್ಲಿ ಕೆಲವರಿಗೆ ಬಾಯಿ ಜೋರು, ಕೆಲವರಿಗೆ ಕೋಪ ಜೋರು. ನನಗೆ ಎಡಗೈ ಜೋರು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ, ನನಗೆ ಬಿ.ಪಿ. ಇದೆ ಎಂದು ಹೇಳುವ ಹಾಗೆ ಹೇಳುತ್ತಿದ್ದೇನೆ. ನಮ್ಮ ಮಂಡ್ಯದ ಕಡೆ ಬಡಿಸುವುದಕ್ಕೆ ಎರಡೂ ಕೈ ಬೇಕು. ಬಲಗೈಯಲ್ಲಿ ಮುದ್ದೆ, ಎಡಗೈ ಖಾಲಿ. ಊಟಕ್ಕೆ ಕೂತವರು 'ಸಾಕು, ಸಾಕು' ಎಂದು ತಟ್ಟೆಗೆ ಕೈ ಅಡ್ಡ ಹಿಡಿದಾಗ, ಆ ಕೈಯ ಮಣಿಕಟ್ಟು ಹಿಡಿದು, ಸ್ವಲ್ಪವೇ ಸ್ವಲ್ಪ ಆಚೆಗೆ ತಿರುಗಿಸಿ, ತೆರವಾದ ಜಾಗಕ್ಕೆ ಬಲಗೈ ಅರ್ಧ ಮುದ್ದೆ ಇಳಿಸುವಂತೆ ಅನುವು ಮಾಡಿಕೊಡುವುದು ಎಡಗೈಯ ಕೆಲಸ. ನಮ್ಮವ್ವ ಇದರಲ್ಲಿ ಪಳಗಿದವಳು. ಅವಳ ಹಿಡಿತದಿಂದ ತಪ್ಪಿಸಿಕೊಂಡು ಎದ್ದವರನ್ನು ನಾನು ಕಂಡಿಲ್ಲ. 'ಸಾಕು' ಎಂಬ ಮಾತಿಗೆ ನಮ್ಮ ಮನೆಯಲ್ಲಿ ಯಾರೂ ಬೆಲೆ ಕೊಡುತ್ತಿರಲಿಲ್ಲ, ಕೊಟ್ಟರೆ ಅನಾಹುತ. ನನ್ನ ಸೋದರಮಾವ ಒಮ್ಮೆ ಬೀಗರ ಮನೆಯಲ್ಲಿ ಸಂಕೋಚಕ್ಕೆ 'ಸಾಕು' ಅಂದರಂತೆ. ಬಡಿಸುವವರು ಹಾಗೇ ಮುಂದಿನ ಎಲೆಗೆ ಹೋಗಿಬಿಟ್ಟರಂತೆ. ಆ ಬೀಗರು ಎಂಥ ಜನ ಎನ್ನುವುದನ್ನು ಮಾವ ತಮ್ಮ ಕೊನೆಗಾಲದವರೆಗೂ ಹೇಳುತ್ತಿದ್ದರು.

ಇಂಥ ಕೈ ಇಟ್ಟುಕೊಂಡು ನಾನು ಐವತ್ತೈದು ದಾಟಿದ ಮೇಲೆ ಕುಂಗ್ ಫೂ ಕ್ಲಾಸಿಗೆ ಸೇರಿದೆ ಎಂದರೆ ನಗಬೇಡಿ. ನಾನು ಹೋದದ್ದು ಕುಂಗ್ ಫೂಗಾಗಿ ಅಲ್ಲ, ಮಗಳಿಗಾಗಿ. ಸಿಂಚನ ಇಲ್ಲೇ ಅಮೆರಿಕದ ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಅಪಾರ್ಟ್‌ಮೆಂಟು ಮಾಡಿಕೊಂಡ ಮೇಲೆ, ಒಂದು ಗಂಟೆ ದಾರಿಯ ಸಾಂಟಾ ಕ್ಲಾರಾದಲ್ಲಿ ಯಜಮಾನರ ಜೊತೆ ಉಳಿದ ನನಗೂ ಅವಳಿಗೂ ಇದ್ದ ಮಾತೆಲ್ಲ ಫೋನಿನಲ್ಲೇ ಮುಗಿಯುತ್ತಿತ್ತು. 'ಊಟ ಆಯ್ತಾ?' 'ಯಾ.' 'ಏನ್ ತಿಂದೆ?' 'ಫುಡ್, ಅಮ್ಮ.' ಇದಕ್ಕಿಂತ ಹೆಚ್ಚಿನ ವಿವರ ನನಗೆ ಸಿಗುತ್ತಿರಲಿಲ್ಲ. ಅದೇ ಹೊತ್ತಿಗೆ ನನ್ನ ಭುಜ ಹಿಡಿದುಕೊಂಡಿತು, ಡಾಕ್ಟರು ಏನಾದರೂ ವ್ಯಾಯಾಮ ಮಾಡಿ ಅಂದರು. ಮನೆ ಹತ್ತಿರದ ಯೋಗದ ಕ್ಲಾಸಿಗೆ ಹೋದರೆ ಅಲ್ಲಿನ ಅಮೆರಿಕನ್ ಹುಡುಗಿ ನನ್ನ 'ನಮಸ್ತೆ'ಯ ಉಚ್ಚಾರಣೆ ತಿದ್ದಿದಳು. ಅವತ್ತೇ ಬಿಟ್ಟೆ. ಆಗ ಸಿಂಚನ, 'ನನ್ ಕ್ಲಾಸಿಗೆ ಬಾ ಅಮ್ಮ, ಸಾಟರ್ಡೇ ಮಾರ್ನಿಂಗು. ಆಮೇಲೆ ನನ್ ಪ್ಲೇಸಲ್ಲೇ ಲಂಚ್ ಮಾಡೋಣ' ಅಂದಳು. ಯಾವ ಕ್ಲಾಸು ಎಂದು ಕೂಡ ನಾನು ಕೇಳಲಿಲ್ಲ. ಲಂಚಿಗೆ ಮುದ್ದೆ ಕೋಲು ಬೇಕಲ್ಲ ಎಂದು ಹುಡುಕತೊಡಗಿದೆ.

ಕ್ಲಾಸು ನಡೆಯುವುದು ಚೈನಾಟೌನಿನಲ್ಲಿ, ತರಕಾರಿ ಅಂಗಡಿಯೊಂದರ ಮೇಲಿನ ಹಾಲಿನಲ್ಲಿ. ಕಲಿಸುವವರನ್ನು ಎಲ್ಲರೂ ಸಿಫು ಎಂದು ಕರೆಯುತ್ತಾರೆ, ಅಂದರೆ ಗುರುಗಳು. ಎಪ್ಪತ್ತು ದಾಟಿದ, ಇಸ್ತ್ರಿ ಮಾಡಿದ ಪ್ಯಾಂಟು ಹಾಕುವ ತೆಳ್ಳನೆಯ ಮನುಷ್ಯ. ಹಾರಬೇಕು, ಒದೆಯಬೇಕು, ಹಲಗೆ ಮುರಿಯಬೇಕು ಎಂದೆಲ್ಲ ನಾನು ಹೆದರಿದ್ದೆ. ಅದೇನೂ ಇರಲಿಲ್ಲ. ದಕ್ಷಿಣ ಚೀನಾದ ಅವರ ಕುಂಗ್ ಫೂನಲ್ಲಿ ಚಿನ್ ನಾ ಎಂಬ ಒಂದು ಭಾಗವಿದೆ. ಹಿಡಿಯುವುದು, ಹಿಡಿದು ಕಟ್ಟಿಹಾಕುವುದು ಎಂದರ್ಥವಂತೆ. ಎದುರಿನವರ ಬೆರಳನ್ನೋ ಮಣಿಕಟ್ಟನ್ನೋ ಮೊಣಕೈಯನ್ನೋ ಅದು ಒಲ್ಲದ ಕಡೆಗೆ ತುಸು ತಿರುಗಿಸಿದರೆ ಸಾಕು, ಇಡೀ ಆಸಾಮಿ ಅದರ ಹಿಂದೆ ಬರುತ್ತಾನೆ. ಅದಕ್ಕೆ ಶಕ್ತಿ ಬೇಡ, ಜಾಗ ಗೊತ್ತಿರಬೇಕು. ನನಗೆ ಜೊತೆಗಾರನಾಗಿ ಸಿಕ್ಕವನು ಮಾರ್ಕಸ್, ಬಂದರಿನಿಂದ ಕಂಟೇನರ್ ಲಾರಿ ಓಡಿಸುವ ಆರಡಿ ಆಳು. ನನ್ನ ಚೀಲದಿಂದ ಹೊರಗೆ ಇಣುಕುತ್ತಿದ್ದ ಮುದ್ದೆ ಕೋಲನ್ನು ನೋಡಿ, ಇದು ಯಾವ ಶೈಲಿಯ ಆಯುಧ ಎಂದು ವಿನಯದಿಂದ ಕೇಳಿದ. ಆಮೇಲೆ ಹೇಳಿಕೊಟ್ಟ ಪ್ರಕಾರ ನನ್ನ ಕಡೆ ಕೈ ಚಾಚಿದ. ಚಾಚಿದ ಕೈ ಕಂಡದ್ದೇ ತಡ, ನನ್ನ ಎಡಗೈ ಯಾರ ಅಪ್ಪಣೆಗೂ ಕಾಯದೆ ಹೋಗಿ ಮಣಿಕಟ್ಟು ಹಿಡಿದು ತಿರುಗಿಸಿತು. ಅಷ್ಟು ದೊಡ್ಡ ಮನುಷ್ಯ ತುದಿಗಾಲಲ್ಲಿ ನಿಂತ.

ಸಿಫು ಚಹಾದ ಲೋಟ ಕೆಳಗಿಟ್ಟು ಬಂದು, ನನ್ನ ಹೆಬ್ಬೆರಳು ಕೂತಿದ್ದ ಜಾಗವನ್ನು ಬಗ್ಗಿ ನೋಡಿದರು. 'ಎಲ್ಲಿ ಕಲಿತಿರಿ?' ಎಂದರು. 'ಮನೆಯಲ್ಲಿ.' 'ಯಾರ ಹತ್ತಿರ?' 'ಅಮ್ಮನ ಹತ್ತಿರ.' ಅವರು ಗಂಭೀರವಾಗಿ ತಲೆ ಬಾಗಿಸಿದರು. ಅವರ ಮನಸ್ಸಿನಲ್ಲಿ ನಮ್ಮವ್ವ ಯಾವುದೋ ಗುಡ್ಡದ ಮೇಲಿನ ಮಠದಲ್ಲಿ ಸಾಧನೆ ಮಾಡುತ್ತಿರಬೇಕು. ಅದು ಬಡಿಸುವ ವಿದ್ಯೆ ಎಂದು ಬಿಡಿಸಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ತೊಂದರೆ ಶುರುವಾದದ್ದು ಬಿಡುವುದರಲ್ಲಿ. ಹಿಡಿತಕ್ಕೆ ಸಿಕ್ಕವರು ನೋವಾದೊಡನೆ ತಮ್ಮ ತೊಡೆಯನ್ನೋ ನೆಲವನ್ನೋ ತಟ್ಟುತ್ತಾರೆ. ತಟ್ಟಿದರೆ ಸಾಕು ಎಂದರ್ಥ, ಆ ಕ್ಷಣವೇ ಕೈ ಬಿಡಬೇಕು. ಮಾರ್ಕಸ್ ತಟ್ಟಿದ. ಪಾಪ, ಸಂಕೋಚದ ಹುಡುಗ ಎಂದುಕೊಂಡು ನಾನು ಇನ್ನೊಂಚೂರು ತಿರುಗಿಸಿದೆ. ಮತ್ತೆ ತಟ್ಟಿದ. ಎರಡನೆಯ ಸಲ ಬೇಡ ಅನ್ನುವುದು ಮರ್ಯಾದೆಗೆ ಎಂದು ಯಾರಿಗೆ ಗೊತ್ತಿಲ್ಲ? ಮೂರನೆಯ ಸಲಕ್ಕೆ ಮಂಡಿಯೂರಿ ದೇವರನ್ನು ಕರೆದ, ಆಗ ಬಿಟ್ಟೆ. ನನ್ನಲ್ಲಿ ಕ್ರೌರ್ಯವಿರಲಿಲ್ಲ, ನಂಬಿ, ಇದ್ದದ್ದು ಉಪಚಾರ. ಆದರೆ ಉಪಚಾರದಿಂದ ಊದಿಕೊಂಡ ಮಣಿಕಟ್ಟಿಗೂ ಐಸು ಇಡಬೇಕಾಗುತ್ತದೆ. ಮುಂದಿನ ವಾರವೂ ಹೀಗೇ ಆಯಿತು, ಅದರ ಮುಂದಿನ ವಾರವೂ ಹೀಗೇ ಆಯಿತು. ಜೊತೆ ಕಟ್ಟುವ ಹೊತ್ತಿಗೆ ಜನ ಶೂ ಲೇಸು ಕಟ್ಟಿಕೊಳ್ಳಲು ಮೂಲೆಗೆ ಸರಿಯತೊಡಗಿದರು. ಅಲ್ಲಿ ಯಾರೂ ಶೂ ಹಾಕುವುದಿಲ್ಲ.

ಕೊನೆಗೆ ಸಿಫು ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ಕಡಿಮೆ ಮಾತಿನ ಇಂಗ್ಲಿಷಿನಲ್ಲಿ ಹೇಳಿದರು: 'ಹಿಡಿಯುವುದು ನಿಮಗೆ ಬರುತ್ತದೆ. ಅದು ಅರ್ಧ. ಬರುವ ಶನಿವಾರ ಮೊದಲ ತಟ್ಟಿಗೇ ಬಿಡಬೇಕು. ಇಲ್ಲದಿದ್ದರೆ ನೀವು ಬರುವುದು ಬೇಡ.' ಮೆಟ್ಟಿಲು ಇಳಿಯುವಾಗ ಸಿಂಚನಳ ಮುಖ ದಪ್ಪಗಾಗಿತ್ತು. 'ಅಮ್ಮ, ಹಿ ಟ್ಯಾಪ್ಡ್. ಟ್ಯಾಪ್ ಅಂದ್ರೆ ಸ್ಟಾಪ್. ನೀನು ಎಲ್ಲಾದಕ್ಕೂ ಹೀಗೇ. ಮದುವೆಗೆ ಅಂತ ಆ ಪ್ಲೆಸೆಂಟನ್ ಊರಿನ ಹುಡುಗನ ಫೋಟೋ ಕಳಿಸ್ದೆ, ನಾನು ಬೇಡ ಅಂದೆ, ಯು ಸೆಂಟ್ ಥ್ರೀ ಮೋರ್.' 'ಒಂದೊಂದ್ರಲ್ಲೂ ಬೇರೆ ಶರ್ಟು ಕಣೇ' ಅಂದೆ. ಅವಳು ನಗಲಿಲ್ಲ. ಆ ದಿನ ಲಂಚು ಮುಗಿಯುತ್ತಲೇ ಫೋನು ಹಿಡಿದು ಕೂತಳು. ಫ್ರೀವೇನಲ್ಲಿ ಒಬ್ಬಳೇ ಕಾರು ಓಡಿಸಿಕೊಂಡು ಬರುವಾಗ ನನಗೆ ನಿಜವಾಗಿ ಭಯವಾಯಿತು. ಕುಂಗ್ ಫೂ ಹೋದರೆ ಹೋಗಲಿ, ನಷ್ಟವಾದರೆ ಚೀನಾಕ್ಕೆ. ಶನಿವಾರದ ಊಟ ತಪ್ಪಿದರೆ ನನಗೆ ಉಳಿಯುವುದು ಮತ್ತೆ ಅದೇ 'ಫುಡ್, ಅಮ್ಮ.' ಆ ಅಪಾರ್ಟ್‌ಮೆಂಟಿನ ಪುಟ್ಟ ಟೇಬಲ್ಲಿಗೆ ಕೂತಾಗಲೇ ಅವಳು ತನ್ನ ಪೇಷೆಂಟುಗಳ ಕಥೆ, ಬಾಸಿನ ಕಥೆ, ಒಬ್ಬಳೇ ಇರುವಾಗ ಬೇಜಾರಾಗುವ ಕಥೆ ಹೇಳುತ್ತಿದ್ದದ್ದು. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ವಾರವಿಡೀ ಯಜಮಾನರ ಮೇಲೆ ಅಭ್ಯಾಸ ಮಾಡಿದೆ. ಅವರು ಸಹಾಯಕ್ಕೆ ಬಾರದ ಮನುಷ್ಯ, ನಾನು ಹತ್ತಿರ ಹೋಗುವ ಮೊದಲೇ ಸೋಫಾ ತಟ್ಟುತ್ತಿದ್ದರು. 'ರೀ, ಇನ್ನೂ ಹಿಡಿದೇ ಇಲ್ಲ' ಎಂದರೆ, 'ಮೂವತ್ತು ವರ್ಷ ಆಯ್ತಲ್ಲೇ ಹಿಡ್ದು' ಅನ್ನುತ್ತಿದ್ದರು. ಆದರೂ ಬಿಡಲಿಲ್ಲ, ಅಂದರೆ ಬಿಡುವುದನ್ನು ಬಿಡದೆ ಕಲಿತೆ. ತಟ್ಟಿದ ಸದ್ದಿಗೆ ಬೆರಳು ತಾನಾಗಿ ತೆರೆದುಕೊಳ್ಳಬೇಕು, ತಲೆ ಅಡ್ಡ ಬರಬಾರದು. ಏಕೆಂದರೆ ತಲೆಯೊಳಗೆ ಕೂತಿರುವವಳು ನಮ್ಮವ್ವ. ಅವಳಿಗೆ ಸಾಕು ಎಂಬುದು ಊಟದ ನಡುವಿನ ಒಂದು ಮಾತು, ಕೊನೆಯ ಮಾತಲ್ಲ.

ಶನಿವಾರ ಬಂತು. ಮಾರ್ಕಸ್ ಹರಕೆಯ ಕುರಿಯಂತೆ ಕೈ ಚಾಚಿದ. ಹಿಡಿದೆ, ತಿರುಗಿಸಿದೆ, ಅವನು ತಟ್ಟಿದ, ಬಿಟ್ಟೆ. ಎಷ್ಟು ಚುರುಕಾಗಿ ಬಿಟ್ಟೆನೆಂದರೆ ನನ್ನ ಹಿಡಿತಕ್ಕೆ ಒರಗಿಕೊಂಡಿದ್ದ ಅವನು ದೊಪ್ಪನೆ ಕೂತ. ಕೂತವನೇ ನಕ್ಕ. ಸಿಫು ತಮ್ಮ ಚಹಾದ ಫ್ಲಾಸ್ಕಿನಿಂದ ನನಗೂ ಒಂದು ಲೋಟ ಬಗ್ಗಿಸಿಕೊಟ್ಟರು. ಸಿಂಚನ ದೂರದಿಂದ ನೋಡುತ್ತಿದ್ದಳು. ಕೆಳಗೆ ಬೀದಿಯಲ್ಲಿ ನಡೆಯುವಾಗ ತಾನಾಗಿ ನನ್ನ ಚೀಲ ತೆಗೆದುಕೊಂಡಳು.

ಅವಳ ಅಪಾರ್ಟ್‌ಮೆಂಟಿನಲ್ಲಿ ಮುದ್ದೆ ತಿರುವಿದೆ. ಮನೆಯಿಂದ ತಂದ ಹಿತಕಿದ ಬೇಳೆ ಸಾರು ಬಿಸಿ ಮಾಡಿದೆ. ಒಂದು ಸಣ್ಣ ಮುದ್ದೆ ಹಾಕಿ, ಇನ್ನರ್ಧ ಹಿಡಿದು ನಿಂತೆ. 'ಸಾಕಮ್ಮ' ಅಂದಳು. ತಕ್ಷಣ ಕೈ ಹಿಂದಕ್ಕೆ ತೆಗೆದೆ. ಅರ್ಧ ಮುದ್ದೆಯನ್ನು ಹಾಟ್‌ಬಾಕ್ಸಿಗೆ ಹಾಕಿ, ಮುಚ್ಚಳ ತಿರುಪಿ, ನನ್ನ ತಟ್ಟೆಯ ಮುಂದೆ ಕೂತೆ. ಈ ವಯಸ್ಸಿನಲ್ಲಿ ಒಂದು ಹೊಸ ವಿದ್ಯೆ ಮೈಗೂಡಿತಲ್ಲ ಎಂಬ ಸಂತೋಷ. ಸಿಂಚನ ತಿಂದಳು. ತಟ್ಟೆಯಲ್ಲಿ ಉಳಿದ ಸಾರನ್ನು ಬೆರಳಿನಿಂದ ಅತ್ತಿತ್ತ ಮಾಡಿದಳು. ಹಾಟ್‌ಬಾಕ್ಸು ನೋಡಿದಳು, ನನ್ನನ್ನು ನೋಡಿದಳು.

'ಅಮ್ಮ, ಆಗ್ಲೇ ಮುಚ್ಚಿಟ್‌ಬಿಟ್ಯಾ?'

'ನೀನೇ ಸಾಕು ಅಂದ್ಯಲ್ಲ.'

'ಯಾ, ಬಟ್… ಅದು ಫಸ್ಟ್ ಸಾಕು.'

ಎಲ್ಲಿ ಕಲಿತಳೋ ಕಾಣೆ. ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ನೂರರ ತನಕ ಎಣಿಸಲು ಬಾರದವಳು. ನಾನು ಮುಚ್ಚಳ ತೆಗೆದೆ. ಅರ್ಧ ಮುದ್ದೆ ಹಿಡಿದು ಹೋದರೆ, ಕೇಳಿದವಳೇ ತಟ್ಟೆಗೆ ಕೈ ಅಡ್ಡ ಹಿಡಿದಳು. ನನ್ನ ಎಡಗೈ ವಾರದ ಅಭ್ಯಾಸವನ್ನೆಲ್ಲ ಮರೆತು ಹೋಗಿ ಅವಳ ಮಣಿಕಟ್ಟು ಹಿಡಿಯಿತು. ಅವಳು ಸಿಫು ಹೇಳಿಕೊಟ್ಟ ಹಾಗೇ ನನ್ನ ಹೆಬ್ಬೆರಳಿನ ಸಂದಿಯಿಂದ ಕೈ ಬಿಡಿಸಿಕೊಂಡು, ನನ್ನ ಮಣಿಕಟ್ಟನ್ನೇ ಹಿಡಿದು ಆಚೆಗೆ ತಿರುಗಿಸಿ, ಇನ್ನೊಂದು ಕೈಯಿಂದ ಆ ಅರ್ಧ ಮುದ್ದೆ ಕಸಿದು, ಅದರಲ್ಲೂ ಅರ್ಧವನ್ನು ನನ್ನ ತಟ್ಟೆಗೆ ಹಾಕಿದಳು. 'ನೀನೂ ತಿನ್ನು. ಡ್ರೈವ್ ಮಾಡ್ಬೇಕು.'

ನಾನು ಟೇಬಲ್ ತಟ್ಟಿದೆ. ಅವಳು ಬಿಡಲಿಲ್ಲ, ಮೇಲೆ ಒಂದು ಸೌಟು ಸಾರೂ ಬಿತ್ತು. ಮುಂದಿನ ಶನಿವಾರ ಇದನ್ನು ಸಿಫುಗೆ ಹೇಳಿ ಅವಳಿಗೂ ಎಚ್ಚರಿಕೆ ಕೊಡಿಸಬೇಕೆಂದು ಎರಡು ದಿನ ಯೋಚಿಸಿದೆ. ಆದರೆ ಅವರು ನಿಯಮದ ಮನುಷ್ಯ, ಎಷ್ಟು ಸಲ ತಟ್ಟಿದಿರಿ ಎಂದು ಕೇಳಿಯೇ ಕೇಳುತ್ತಾರೆ. ನಾನು ತಟ್ಟಿದ್ದು ಒಂದೇ ಸಲ, ನಮ್ಮ ಮನೆಯ ಲೆಕ್ಕದಲ್ಲಿ ಅದು ಫಸ್ಟ್ ಸಾಕು.