ಸಾಹೇಬರ ಬೆಂಚು

ಹದಿಮೂರು ವರ್ಷದ ಮಕ್ಕಳನ್ನು ಕೂರಿಸಿಕೊಂಡು ‘ಮುಂದೇನಾಗುತ್ತೀರಿ, ಬರೆದುಕೊಡಿ’ ಎಂದು ಕೇಳುವ ಶಾಲೆಯಲ್ಲಿ ನಗು ತರಿಸುವ ಸಂಗತಿಗಳು ನಡೆಯದಿದ್ದರೇ ಆಶ್ಚರ್ಯ. ಅವುಗಳಲ್ಲಿ ಇಲಾಖೆಗೆ ಕಳಿಸಬಹುದಾದುವನ್ನು ವರದಿಯಲ್ಲಿ ಬರೆದಿದ್ದೇನೆ. ಕಳಿಸಲಾಗದವು ಇಲ್ಲಿವೆ.

ನಾನು ಹುಟ್ಟಿದ್ದು ಅಫಜಲಪುರ ತಾಲೂಕಿನ ಮಣ್ಣೂರಿನಲ್ಲಿ, ಮೊದಲು ನೌಕರಿ ಮಾಡಿದ್ದು ಜೇವರ್ಗಿ ಕಡೆ, ಈಗ ಗಣಿತ ಕಲಿಸುತ್ತಿರುವುದು ಆಳಂದ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಊರು ಬದಲಾದಂತೆ ಬಸ್ಸಿನ ವೇಳೆ ಬದಲಾಯಿತೇ ಹೊರತು ದಂತಕಥೆಗಳು ಬದಲಾಗಲಿಲ್ಲ. ಒಂದೇ ದಿನದಲ್ಲಿ ತೋಡಿದ ಬಾವಿ, ಒಬ್ಬನೇ ಹೊತ್ತು ತಂದ ಬಂಡೆ, ಇಂಥವನ್ನು ಕೇಳಿದಾಗಲೆಲ್ಲ ‘ನೋಡಿದವರು ಯಾರು?’ ಎಂದು ಕೇಳಿ ಚಿಕ್ಕಂದಿನಲ್ಲಿ ಬೈಸಿಕೊಂಡವಳು ನಾನು. ದೊಡ್ಡವಳಾದ ಮೇಲೆ ಕೇಳುವುದನ್ನು ಬಿಟ್ಟು, ರಜಿಸ್ಟರು ತೆರೆದು ನೋಡುವುದನ್ನು ಕಲಿತೆ.

ಐದು ಕಾಲಂ

ಮಕ್ಕಳ ಮುಂದಿನ ಓದು ಮತ್ತು ಉದ್ಯೋಗದ ಮಾರ್ಗದರ್ಶನದ ಹೊಣೆ ನನಗೆ ಬಂದ ವರ್ಷ ಎಂಟನೆಯ ತರಗತಿಗೆಂದು ಒಂದು ವಹಿ ಮಾಡಿದೆ. ಪ್ರತಿ ಮಗುವಿಗೂ ಒಂದು ಪುಟ, ಪುಟಕ್ಕೆ ಐದು ಕಾಲಂ: ಗುರಿ, ಬೇಕಾದ ಅರ್ಹತೆ, ಬೇಕಾದ ಅಂಕ, ಎದುರಾಗಬಹುದಾದ ಅಡ್ಡಿ, ಅಡ್ಡಿ ನಿವಾರಣೆಯಾದ ಬಗೆ. ಕೊನೆಯದನ್ನು ಹತ್ತನೆಯ ತರಗತಿ ಮುಗಿದ ಮೇಲೆ ನಾನೇ ತುಂಬತಕ್ಕದ್ದು ಎಂದು ಮೊದಲ ಪುಟದಲ್ಲಿ ಸೂಚನೆಯನ್ನೂ ಬರೆದೆ.

ಒಬ್ಬ ಹುಡುಗ ಗುರಿಯ ಕಾಲಂನಲ್ಲಿ ‘ಹೆಡ್‌ಮಾಸ್ತರ’ ಎಂದು ಬರೆದು, ಪಕ್ಕದಲ್ಲಿ ‘ಯಾಕೆಂದರೆ ಕೆಲಸ ಇರುವುದಿಲ್ಲ’ ಎಂದು ಕಾರಣವನ್ನೂ ಕೊಟ್ಟಿದ್ದ. ಅರ್ಹತೆಯ ಕಾಲಂ ಮಾತ್ರ ಖಾಲಿ. ವಹಿಯನ್ನು ಪರಿಶೀಲಿಸಿದ ನಮ್ಮ ಹೆಡ್‌ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು ಆ ಪುಟವನ್ನು ಎರಡು ಸಲ ಓದಿದರು. ಹುಡುಗನಿಗೆ ಬೈಯಲಿಲ್ಲ. ಕೆಂಪು ಪೆನ್ನು ತೆಗೆದು ಖಾಲಿ ಕಾಲಂ ತುಂಬಿದರು: ‘ಬಿ.ಎ., ಬಿ.ಎಡ್., ಬಿ.ಪಿ., ಶುಗರ್.’

ಅದೇ ವಹಿಯಲ್ಲಿ ಊರ ಬಡಿಗರ ಮನೆಯ ಹುಡುಗಿಯೊಬ್ಬಳ ಪುಟ ನನ್ನನ್ನು ಹಿಡಿದು ನಿಲ್ಲಿಸಿತು. ‘ಕಲಬುರಗಿಯಲ್ಲಿ ಸಿವಿಲ್ ಡಿಪ್ಲೊಮಾ, ಆಮೇಲೆ ಇಂಜಿನಿಯರಿಂಗ್. ನಮ್ಮ ಹಳ್ಳಕ್ಕೆ ಸೇತುವೆ ಕಟ್ಟುವುದು.’ ಮಳೆ ಜೋರಾದರೆ ಹಳ್ಳ ತುಂಬಿ ಬಸ್ಸು ಆಚೆ ದಂಡೆಯಲ್ಲೇ ನಿಲ್ಲುತ್ತದೆ, ಅದಕ್ಕೆ. ಅರ್ಹತೆಯೂ ಸರಿಯಿತ್ತು, ಅಂಕವೂ ಸರಿಯಿತ್ತು. ಅಡ್ಡಿಯ ಕಾಲಂನಲ್ಲಿ ಉಳಿದ ಮಕ್ಕಳೆಲ್ಲ ‘ಇಂಗ್ಲಿಷ್’, ‘ಗಣಿತ’, ‘ಮೊಬೈಲ್’ ಎಂದು ಬರೆದಿದ್ದರೆ, ಈಕೆ ಒಂದೇ ಪದ ಬರೆದಿದ್ದಳು: ‘ಅಪ್ಪ.’

ಟಾವೆಲ್ಲು

ಒಂಬತ್ತನೆಯ ತರಗತಿಯ ಕೋಣೆಯಲ್ಲಿ, ಕಿಟಕಿಯ ಪಕ್ಕ ಒಂದು ಹಳೆಯ ಬೆಂಚಿದೆ. ಒಂದು ಕಾಲು ಗಿಡ್ಡ, ಕೂತರೆ ಓಲಾಡುತ್ತದೆ. ಆದರೆ ಊರಿನಲ್ಲಿ ಅದರ ಖ್ಯಾತಿ ದೊಡ್ಡದು. ಅದರ ಮೇಲೆ ಕೂತು ಓದಿದ ಒಬ್ಬ ಮುಂದೆ ಸಾಹೇಬ ಆದನಂತೆ. ಯಾವ ಸಾಹೇಬ ಎಂಬ ಬಗ್ಗೆ ಒಮ್ಮತವಿಲ್ಲ. ಚಹಾ ಅಂಗಡಿಯ ಚಾಚಾ ಕಲೆಕ್ಟರ್ ಸಾಬ್ ಎನ್ನುತ್ತಾರೆ, ಕಿರಾಣಿ ಅಂಗಡಿಯವರು ತಹಶೀಲ್ದಾರ್ ಎನ್ನುತ್ತಾರೆ. ಬೆಂಚಿನ ಬಗ್ಗೆ ಮಾತ್ರ ಎಲ್ಲರದೂ ಒಂದೇ ಮಾತು.

ವಹಿ ಬರೆದ ಆ ಮಕ್ಕಳು ಒಂಬತ್ತಕ್ಕೆ ಬಂದ ವರ್ಷ, ಶಾಲೆ ತೆರೆಯುವ ದಿನ ನಾನು ಬೆಳಿಗ್ಗೆ ಹೋಗಿ ನೋಡುತ್ತೇನೆ, ಬೆಂಚಿನ ಮೇಲೆ ಎರಡು ಟಾವೆಲ್ಲು ಬಿದ್ದಿವೆ. ಕಲಬುರಗಿ ಬಸ್ಸಿನಲ್ಲಿ ಸೀಟು ಹಿಡಿಯುವ ಕ್ರಮದಲ್ಲೇ ಇಬ್ಬರು ತಂದೆಯರು ಹೊರಗಿನಿಂದ ಕಿಟಕಿಯೊಳಗೆ ಎಸೆದು ಮಕ್ಕಳ ಭವಿಷ್ಯವನ್ನು ಕಾಯ್ದಿರಿಸಿ ಹೋಗಿದ್ದರು. ಅವರಿಗಿಂತ ಮೊದಲೇ ಬಂದಿದ್ದ ಬಡಿಗರ ಹುಡುಗಿಯ ಅಜ್ಜಿ ಮಾತ್ರ ಎರಡೂ ಟಾವೆಲ್ಲುಗಳ ನಡುವೆ, ಮೊಮ್ಮಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನೆಟ್ಟಗೆ ಕೂತಿದ್ದರು.

ಟಾವೆಲ್ಲಿನ ಒಡೆಯರೊಬ್ಬರು ಬಂದು, ಟಾವೆಲ್ಲು ತಮ್ಮದೆಂದೂ ಜಾಗವೂ ತಮ್ಮದೇ ಎಂದೂ ವಿನಯದಿಂದಲೇ ವಾದಿಸಿದರು. ಅಜ್ಜಿ ಏಳಲಿಲ್ಲ.

“ಟಾವೆಲ್ ಇಲ್ಲೇ ಕೂಡ್ಲಿ ಬಿಡಪ್ಪ,” ಎಂದರು. “ಅದೂ ಸಾಹೇಬ ಆಗ್ಲಿ.”

ನನ್ನ ತನಿಖೆ

ಮಾರ್ಗದರ್ಶನದ ಹೊಣೆ ಹೊತ್ತವಳು ನಾನು, ಮಕ್ಕಳು ನಂಬುವುದು ಬೆಂಚನ್ನು. ಇದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಎರಡು ಶನಿವಾರ ಕೂತು ಶಾಲೆ ಆರಂಭವಾದ ವರ್ಷದಿಂದ ಇಲ್ಲಿಯವರೆಗಿನ ದಾಖಲಾತಿ ವಹಿಗಳನ್ನೆಲ್ಲ ನೋಡಿ, ಯಾರು ಏನಾದರೆಂದು ಊರಲ್ಲಿ ವಿಚಾರಿಸಿದೆ. ನಮ್ಮಲ್ಲಿ ಓದಿದವರಲ್ಲಿ ಶಿಕ್ಷಕರಿದ್ದರು, ನರ್ಸ್ ಇದ್ದರು, ಕಂಡಕ್ಟರ್ ಇದ್ದರು. ಸಾಹೇಬ ಮಾತ್ರ ಇರಲಿಲ್ಲ. ದಾಸ್ತಾನು ವಹಿಯ ಮೊಟ್ಟಮೊದಲ ಪುಟದಲ್ಲಿ ‘ಬೆಂಚು, ಹಳೆಯದು, ಒಂದು’ ಎಂದಿತ್ತು.

ಶಾಲೆಯ ನಿವೃತ್ತ ಜವಾನರೊಬ್ಬರನ್ನು ಕರೆಸಿ ಕೇಳಿದೆ. ಸಾಹೇಬರನ್ನು ತಾವು ಕಣ್ಣಾರೆ ಕಂಡಿರುವುದಾಗಿ ಅವರು ಹೇಳಿದರು. ಯಾವ ವರ್ಷ ಎಂದೆ.

“ನಾ ನೌಕರಿಗಿ ಸೇರೂಕಿಂತ ಮೊದಲ್ರಿ.”

ಕಂಡುಕೊಂಡದ್ದನ್ನೆಲ್ಲ ಕ್ರಮಸಂಖ್ಯೆ ಹಾಕಿ ಒಂದೂವರೆ ಪುಟದ ಟಿಪ್ಪಣಿಯಾಗಿ ಬರೆದು ಹೆಡ್‌ಮಾಸ್ತರರಿಗೆ ಒಪ್ಪಿಸಿದೆ. ಅವರು ಸಾವಕಾಶವಾಗಿ ಓದಿ, ತಲೆಯಾಡಿಸಿ, ಅದನ್ನು ಎರಡು ಮಡಿಕೆ, ನಾಲ್ಕು ಮಡಿಕೆ, ಎಂಟು ಮಡಿಕೆ ಮಾಡಿದರು. ಎದ್ದು ಒಂಬತ್ತನೆಯ ತರಗತಿಗೆ ನಡೆದು, ಬೆಂಚಿನ ಗಿಡ್ಡ ಕಾಲಿನ ಕೆಳಗೆ ಇಟ್ಟು, ಮೇಲೆ ಕೂತು ನೋಡಿದರು. ಬೆಂಚು ಅಲುಗಾಡಲಿಲ್ಲ.

“ಭಾಳ ಉಪಯೋಗ ಆಯ್ತ್ರಿ ಮೇಡಂ,” ಎಂದರು.

ನೆಟ್ಟಗಿಲ್ಲದ ಗೆರೆ

ಹುಡುಗಿ ಹತ್ತನೆಯ ತರಗತಿಗೆ ಬಂದಳು. ಪರೀಕ್ಷೆಗೆ ಎರಡು ತಿಂಗಳಿರುವಾಗ ಅಳುಕುತ್ತಲೇ ಬಂದು, ಹತ್ತನೇದು ಮುಗಿದರೆ ಸಾಕು ಎಂದು ಅಪ್ಪ ಹೇಳುತ್ತಿದ್ದಾರೆಂದು ತಿಳಿಸಿದಳು. ಡಿಪ್ಲೊಮಾ ಹಳ್ಳಿಯಿಂದ ದಿನಾ ಹೋಗಿ ಬರುವ ಓದಲ್ಲ, ಕಲಬುರಗಿಯ ಹಾಸ್ಟೆಲಿನಲ್ಲಿರಬೇಕು. ಅವರ ಮನೆಯ ಹೆಣ್ಣುಮಕ್ಕಳಾರೂ ಹಾಗೆ ಹೊರಗಿದ್ದವರಲ್ಲ.

ನಾನು ದೊಡ್ಡ ಹಾಳೆಯ ಮೇಲೆ ಒಂದು ತಖ್ತೆ ಮಾಡಿದೆ. ಯಾವ ವರ್ಷ ಯಾವ ಓದು, ಹಾಸ್ಟೆಲಿನ ನಿಯಮಗಳೇನು, ಶನಿವಾರ ಊರಿಗೆ ಯಾವ ಬಸ್ಸು, ಎಲ್ಲವೂ ಅದರಲ್ಲಿತ್ತು. ಅದನ್ನು ಹಿಡಿದು ಬಡಿಗರ ಕೆಲಸದ ಶೆಡ್ಡಿಗೆ ಹೋದೆ. ಅವರು ಬಾಗಿಲಿನ ಚೌಕಟ್ಟು ಮಾಡುತ್ತಿದ್ದರು. ಕೆಲಸ ನಿಲ್ಲಿಸಿ, ಸ್ಟೂಲು ಒರೆಸಿ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.

“ಮೇಡಂ, ಈ ಮೂರನೇ ಗೆರಿ ನೆಟ್ಟಗಿಲ್ರಿ.”

ಪಕ್ಕದಲ್ಲೇ ನಿಂತಿದ್ದ ಹುಡುಗಿ ಅಪ್ಪನ ಕಿವಿಯ ಹಿಂದಿನ ಪೆನ್ಸಿಲು ತೆಗೆದು ಆ ಗೆರೆಯನ್ನು ತಿದ್ದಿ ಎಳೆದಳು. ಅಪ್ಪ ಮತ್ತೊಮ್ಮೆ ಒಂದು ಕಣ್ಣು ಮುಚ್ಚಿ ನೋಡಿದರು. ಮುಖ ಅರಳಿತು. ತಮ್ಮ ತಂದೆಯ ಕೈ ಇವಳಿಗೆ ಬಂದಿದೆ ಎಂದರು. ತಂದೆ ಎಂಥ ಬಡಿಗರೆಂದರೆ, ಬದುಕಿರುವ ತನಕ ಅವರ ಕೈಯಲ್ಲಿ ಒಂದು ಕಾಲು ಗಿಡ್ಡವಾಗಿಲ್ಲ, ಒಂದು ಸಂದು ಬಿಟ್ಟಿಲ್ಲ ಎಂದರು. ಡಿಪ್ಲೊಮಾ ವಿಷಯಕ್ಕೆ ಬಂದಾಗ, “ಅದು ಬ್ಯಾಡ್ರಿ,” ಎಂದು ಕೈಮುಗಿದರು.

ನಾನು ಸೋತು ಹಿಂದಿರುಗಿದೆ. ನಿಜ ಹೇಳಬೇಕೆಂದರೆ ಬಸ್ಸಿನಲ್ಲಿ ಆಳಂದದ ಮನೆ ಮುಟ್ಟುವ ತನಕ ನನ್ನನ್ನು ಹೆಚ್ಚು ಕಾಡಿದ್ದು ಆ ಮೂರನೆಯ ಗೆರೆಯೇ.

ನೀವೊಬ್ರೇ

ಫಲಿತಾಂಶ ಬಂತು. ಶಾಲೆಗೆ ಅವಳೇ ಮೊದಲು, ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು. ಆ ಎರಡು ಅಂಕ ಎಲ್ಲಿ ಹೋದವೆಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ಅರ್ಜಿ ಸಲ್ಲಿಸಲು ಮರುದಿನವೇ ಕೊನೆ ಎಂದಾಗ, ಫಾರ್ಮ್ ಹಿಡಿದು ಅವರ ಮನೆಗೆ ಹೋದೆ. ತಂದೆಯ ಸಹಿ ಒಂದು ಬೇಕಿತ್ತು. ಹುಡುಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಪೆನ್ನಿತ್ತು, ಮುಚ್ಚಳವನ್ನು ಆಗಲೇ ತೆಗೆದಿದ್ದಳು.

ತಂದೆ ನೆಲ ನೋಡುತ್ತ ಬೇಡವೆಂದರು. ಆಗ ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟು ಮಗನ ಕಡೆ ತಿರುಗಿದರು.

“ಲೇ ತಮ್ಮಾ, ಒಂದು ವರ್ಷ ಪೂರಾ ಆ ಬೆಂಚಿನ ಮ್ಯಾಲ ಕೂತಾಕಿ ಅದಾಳ. ಹಂತಾಕೀನ್ನ ತಡದ್ರ ಮುಂದೇನಾಗ್ತದೋ ನನಗಂತೂ ಗೊತ್ತಿಲ್ಲ.”

ತಂದೆಯ ಮುಖದಲ್ಲಿ ಮೊದಲ ಬಾರಿಗೆ ಅನುಮಾನ ಕಂಡಿತು. ಅವರು ನನ್ನ ಕಡೆ ತಿರುಗಿದರು.

“ಮೇಡಂ, ನೀವು ಓದಿದವ್ರು. ನೀವು ಹೇಳ್ರಿ. ಆ ಸಾಹೇಬನ ಮಾತು ಖರೇ ಏನ್ರಿ?”

ನನ್ನ ಒಂದೂವರೆ ಪುಟದ ಟಿಪ್ಪಣಿ ಕಣ್ಣ ಮುಂದೆ ಬಂತು. ಹುಡುಗಿಯ ಪೆನ್ನೂ ಕಾಣುತ್ತಿತ್ತು. ಸುಳ್ಳು ಹೇಳುವುದು ನನ್ನಿಂದಾಗದು. “ನಾನು ಮೊದಲನೇ ವರ್ಷದಿಂದ ಎಲ್ಲ ರಜಿಸ್ಟರ್ ತೆಗೆದು ನೋಡೇನ್ರಿ,” ಎಂದು ಸತ್ಯದಿಂದಲೇ ಆರಂಭಿಸಿದೆ.

“ಕೇಳಿದೆಲ್ಲೋ?” ಎಂದರು ಅಜ್ಜಿ. “ರಜಿಸ್ಟರ್ ನೋಡ್ಯಾರ.”

ಮುಂದಿನ ವಾಕ್ಯಕ್ಕೆ ಅವರು ಅವಕಾಶ ಕೊಡಲಿಲ್ಲ. ಹುಡುಗಿ ಪೆನ್ನು ತಂದು ಕೊಟ್ಟಳು, ತಂದೆ ಸಹಿ ಮಾಡಿದರು.

ಅಜ್ಜಿ ನನ್ನನ್ನು ಬಸ್ ನಿಲ್ದಾಣದ ತನಕ ಕಳಿಸಲು ಬಂದರು. ದಾರಿಯಲ್ಲಿ ಇನ್ನು ತಡೆಯಲಾರದೆ, ನಾನು ರಜಿಸ್ಟರುಗಳಲ್ಲಿ ಕಂಡದ್ದೇನೆಂದು ಹೇಳಿಬಿಟ್ಟೆ. ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

“ಎಲ್ಲಿ ಸಿಗ್ತಾನ್ರಿ ಅಕ್ಕೋರ. ಆ ಬೆಂಚು ಮಾಡಿದಾತ ನಮ್ಮ ಮನ್ಯಾತ. ಹೊಸಾ ಸಾಲಿಗಿ ಅಂತ ಮಾಡಿದ, ಒಂದು ಕಾಲು ಗಿಡ್ಡ ಬಿತ್ತು. ಮಾಸ್ತರ್ರು ಒಲ್ಲೆ ಅಂದ್ರು. ಇದು ಭಾಳ ಹಳೀದ್ರಿ, ಇದರ ಮ್ಯಾಲ ಕೂತಾತ ಸಾಹೇಬ ಆಗ್ಯಾನ ಅಂತ ಹೇಳಿ ಇಟ್ಟು ಬಂದ.”

ಮಗನಿಗೆ ಇದು ಗೊತ್ತಿಲ್ಲವೇ ಎಂದೆ. ಆಗ ಅವನಿನ್ನೂ ತೊಟ್ಟಿಲಲ್ಲಿದ್ದನಂತೆ. ದೊಡ್ಡವನಾದ ಮೇಲೆ, ಅಪ್ಪನ ಕೈಯಲ್ಲಿ ಒಂದು ಕಾಲೂ ಗಿಡ್ಡವಾಗಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುವವನಿಗೆ ಹೇಳುವ ಮನಸ್ಸಾಗಲಿಲ್ಲವಂತೆ.

“ಅಲ್ಲಜ್ಜಿ, ಹೊಸ ಶಾಲೆಗೆ ಮಾಡಿದ ಹೊಸ ಬೆಂಚು. ಅದರ ಮೇಲೆ ಅದಕ್ಕೂ ಮೊದಲೇ ಸಾಹೇಬ ಹೇಗೆ ಕೂತಿರುತ್ತಾನೆ?”

ಅಜ್ಜಿ ನಿಂತು, ನನ್ನನ್ನು ಕೆಳಗಿನಿಂದ ಮೇಲಿನ ತನಕ ಮೆಚ್ಚುಗೆಯಿಂದ ನೋಡಿದರು.

“ಇಷ್ಟು ವರ್ಷದಾಗ ಇದನ್ನ ಕೇಳಿದವ್ರು ನೀವೊಬ್ರೇ ನೋಡ್ರಿ.”

ಹುಡುಗಿ ಈಗ ಡಿಪ್ಲೊಮಾದ ಎರಡನೆಯ ವರ್ಷದಲ್ಲಿದ್ದಾಳೆ. ರಜೆಯಲ್ಲಿ ಬಂದಾಗಲೆಲ್ಲ ಟೇಪು ಹಿಡಿದು ಹಳ್ಳದ ಅಗಲ ಅಳೆಯುತ್ತಾಳೆ. ಟೇಪಿನ ಇನ್ನೊಂದು ತುದಿ ಹಿಡಿಯುವುದು ಅವಳ ಅಪ್ಪ. ಬಸ್ಸಿನ ಕಿಟಕಿಯಿಂದ ಆ ಇಬ್ಬರನ್ನು ಕಂಡ ದಿನ, ಏನೂ ಸಂಬಂಧವಿಲ್ಲದವಳಂತೆ ಕೂತಿರಲು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ, ಪಕ್ಕದ ಸೀಟಿನವರಿಗೆ ಎಲ್ಲ ಹೇಳಿದೆ.

ವಹಿಯಲ್ಲಿ ಅವಳ ಪುಟದ ಕೊನೆಯ ಕಾಲಂ ಮಾತ್ರ ಬಹಳ ದಿನ ಖಾಲಿಯೇ ಉಳಿದಿತ್ತು. ‘ಅಡ್ಡಿ: ಅಪ್ಪ. ನಿವಾರಣೆಯಾದ ಬಗೆ:’ ಇಷ್ಟರ ಮುಂದೆ ಏನು ಬರೆದರೂ ಸುಳ್ಳು ದಾಖಲೆಯಾಗುತ್ತದೆಂದು ಹೆಡ್‌ಮಾಸ್ತರರ ಬಳಿ ತೋಡಿಕೊಂಡೆ. ನಡೆದದ್ದನ್ನೆಲ್ಲ ಕೇಳಿದ ಅವರು ಕೆಂಪು ಪೆನ್ನು ತೆಗೆದು, ದುಂಡಾದ ಅಕ್ಷರದಲ್ಲಿ ಬರೆದು, ಕೆಳಗೆ ಸಹಿಯನ್ನೂ ಹಾಕಿ ವಹಿ ಮರಳಿಸಿದರು:

‘ಸಾಹೇಬರ ಮೌಖಿಕ ಆದೇಶದ ಮೇರೆಗೆ.’